ಗೇಟಜ್ಜನ ಕುರ್ಚಿಗೆ ದನಿ ಕೊಟ್ಟ ಬೆಣೆಯಕ್ಕ

ಚಳಿ ಇನ್ನೇನು ಕಾಲು ಕೀಳುತ್ತಿರುವ ದಿನಗಳು. ಬೆಳಗಿನ ಆರು ಗಂಟೆ. ಬೀದಿದೀಪ ಆರಿಲ್ಲ, ಹಾಲಿನವನ ಸೈಕಲ್ಲು ಮೂಲೆ ತಿರುಗಿಲ್ಲ. ಹೊಲಿಗೆಯವಳ ಮನೆಯ ಮುಂಗೋಣೆಯಲ್ಲಿ ತೋಳಿರುವ ಹಳೆಯ ಮರದ ಕುರ್ಚಿಯೊಂದು ಬೋರಲು ಬಿದ್ದಿದೆ. ಅದರ ಹಿಂಗಾಲಿಗೆ ಕಿವಿಯಾನಿಸಿ, ಡಾಕ್ಟರು ರೋಗಿಯ ಬೆನ್ನು ತಟ್ಟುವ ಹಾಗೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಕೂತಿದ್ದಾಳೆ ಬೆಣೆಯಕ್ಕ. ಪಕ್ಕದಲ್ಲಿ ಅವಳ ಗೋಣಿಚೀಲ. ಎರಡು ಉಳಿ, ಒಂದು ಕೊಡತಿ, ಹಗ್ಗದ ಸುರುಳಿ, ಅಂಟಿನ ಡಬ್ಬಿ. ಮತ್ತೆ ಹಳೆಯ ಬಿಸ್ಕತ್ತಿನ ಡಬ್ಬದ ತುಂಬ ಬೆಣೆಗಳು. ಕೆಲವು ಹೆಬ್ಬೆರಳಿನಷ್ಟು ದಪ್ಪ, ಕೆಲವು ಉಗುರಿನಷ್ಟು ತೆಳು. ಎಲ್ಲವೂ ಅವಳೇ ಕೂತು ಕೆತ್ತಿಕೊಂಡವು.

"ಈ ಹೊತ್ತಿಗೇ ಬಂದುಬಿಡಬೇಕು" ಅನ್ನುತ್ತಾಳೆ, ಮಲಗಿದ ಕೂಸು ಎದ್ದೀತೇನೋ ಎಂಬಂಥ ದನಿಯಲ್ಲಿ. "ಬೀದಿ ಎದ್ದುಬಿಟ್ರೆ ಕೀಲಿನ ಮಾತು ಕೇಳಿಸಲ್ಲ. ಗಟ್ಟಿ ಇರೋ ಕೀಲು ಟಕ್ ಅನ್ನುತ್ತೆ. ಸಡಿಲ ಆಗಿರೋದು ಟಪ್ಪಂತ ಸುಮ್ಮನಾಗುತ್ತೆ, ತಪ್ಪು ಮಾಡಿದ ಮಕ್ಕಳ ಹಾಗೆ."

ಕುರ್ಚಿಯ ಒಡೆಯ ಎದುರಿಗೇ ಚಾಪೆಯ ಮೇಲೆ ಕೂತಿದ್ದಾನೆ. ಒಂದು ಕಾಲದಲ್ಲಿ ಮಿಲ್ಲಿನ ಗೇಟು ಕಾಯುತ್ತಿದ್ದವನು, ಬೀದಿಯವರಿಗೆಲ್ಲ ಗೇಟಜ್ಜ. ಮಿಲ್ಲು ಮುಚ್ಚಿದ ದಿನ ಕಾವಲು ಕೋಣೆಯ ಕುರ್ಚಿಯನ್ನು ಅವನಿಗೇ ಕೊಟ್ಟು ಕಳಿಸಿದರು. ಅಂದಿನಿಂದ ಅದೊಂದೇ ಅವನ ಜಾಗ. ಈಚೆಗೆ ನೆನಪು ಕೈಕೊಡುತ್ತಿದೆ. ಊಟ ಆಯಿತೋ ಇಲ್ಲವೋ ಗೊತ್ತಿರುವುದಿಲ್ಲ, ಆದರೆ ಕುರ್ಚಿ ಮಾತ್ರ ಮರೆತಿಲ್ಲ.

"ಎಷ್ಟು ಹೊತ್ತಮ್ಮಾ? ನನಗೆ ಡ್ಯೂಟಿ ಇದೆ."

"ಆಯ್ತಜ್ಜ. ನಿಮ್ಮ ಕುರ್ಚಿಗೆ ಸ್ವಲ್ಪ ಕಾಲುನೋವು, ಅಷ್ಟೆ."

"ಅದಕ್ಕೆ ವಯಸ್ಸಾಯ್ತು" ಅನ್ನುತ್ತಾನೆ ಅಜ್ಜ ಗಂಭೀರವಾಗಿ. "ನನಗಲ್ಲ."

ಒಳಕೋಣೆಯಲ್ಲಿ ಹೊಲಿಗೆ ಯಂತ್ರ ಬೆಣೆಯಕ್ಕನಿಗಾಗಿ ಸ್ವಲ್ಪ ಹೊತ್ತು ನಿಂತಿದೆ. ಅಲ್ಲಿ ಕೂತಿರುವವಳು ಅಜ್ಜನ ಮಗಳು. ನಾಲ್ಕು ಬೀದಿಯ ಬಟ್ಟೆ ಹೊಲಿದು ಈ ಮನೆ ನಡೆಸುವವಳು ಅವಳೇ. ಹಿಂಗಾಲು ಅಲ್ಲಾಡುತ್ತಿದೆ, ಅಪ್ಪ ಒಂದು ದಿನ ಹಿಂದಕ್ಕೆ ಮಗುಚಿ ಬಿದ್ದಾರು ಎಂಬ ಭಯಕ್ಕೆ ಬೆಣೆಯಕ್ಕನನ್ನು ಕರೆಸಿದ್ದಳು. ಬೆಣೆಯಕ್ಕ ಕಾಲನ್ನು ಕಳಚಿ, ಹಳೆಯ ಅಂಟನ್ನೆಲ್ಲ ಕೆರೆದು, ಹೊಸ ಬೆಣೆ ಕೂರಿಸಿ, ಅಂಟು ಹಾಕಿ, ಹಗ್ಗ ಸುತ್ತಿ, ಹಗ್ಗದ ನಡುವೆ ಕೋಲು ತೂರಿಸಿ ತಿರುಚಿ ಬಿಗಿದಳು. ಒಂದು ಕಾಲಿಗೆಂದು ಬಂದವಳು ಸುಮ್ಮನೆ ಹೋಗುವ ಜಾಯಮಾನದವಳಲ್ಲ. ಬೆನ್ನಿನ ಪಟ್ಟಿ, ತೋಳು, ಕೂರುವ ಹಲಗೆ, ಎಲ್ಲೆಲ್ಲಿ ಕಿರುಗುಟ್ಟುತ್ತಿತ್ತೋ ಅಲ್ಲೆಲ್ಲ ಕೈಯಾಡಿಸಿದಳು. ಮಾರನೆಯ ದಿನ ಹಗ್ಗ ಬಿಚ್ಚಿ ಅಜ್ಜನನ್ನು ಕೂರಿಸಿದಳು, ಏಳಿಸಿದಳು, ಮತ್ತೆ ಕೂರಿಸಿದಳು. ತಾನು ನೆಲದಲ್ಲಿ ಕಣ್ಣು ಮುಚ್ಚಿ ಕೂತು ಕೇಳಿದಳು. ಕುರ್ಚಿ ತುಟಿ ಬಿಚ್ಚಲಿಲ್ಲ.

"ನೋಡಮ್ಮ, ಒಂದು ಉಸಿರು ಬಿಡಲ್ಲ ಈಗ" ಎಂದು ಚೀಲ ಹೆಗಲಿಗೇರಿಸಿದಳು. ಕೇಡು ಶುರುವಾದದ್ದು ಆ ಬೆಳಗಿನಿಂದಲೇ. ಅದು ಅವಳಿಗೆ ಗೊತ್ತಾಗುವುದಕ್ಕೆ ಸ್ವಲ್ಪ ದಿನ ಹಿಡಿಯಿತು.

ಬೆಣೆಯಕ್ಕನ ಗಂಡ ಬಡಗಿ. ಬಾಗಿಲು, ಕಿಟಕಿ, ಕಪಾಟು, ಏನಿದ್ದರೂ ಹೊಸದು ಮಾಡುವವನು. ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಕೆಲಸ ಗರಗಸದ ಇನ್ನೊಂದು ತುದಿ ಹಿಡಿಯುವುದು. ಆಗ ಜನ ಮುರಿದ ಮಣೆ, ಕಾಲು ಕಳಕೊಂಡ ಮೇಜು ಹೊತ್ತುಕೊಂಡು ಬಂದರೆ ಬಡಗಿಗೆ ಮೂಗಿನ ತುದಿಯಲ್ಲಿ ಸಿಟ್ಟು. "ನಾನು ಹೆರಿಗೆ ಮಾಡಿಸೋನು, ಮುದುಕರ ಕಾಲು ಒತ್ತೋನಲ್ಲ" ಎಂದು ವಾಪಸು ಕಳಿಸುತ್ತಿದ್ದ. ಹಾಗೆ ಹೋಗುತ್ತಿದ್ದವರ ಮುಖ ನೋಡಲಾರದೆ ಒಂದು ದಿನ ಇವಳು ಹಿತ್ತಿಲ ಬಾಗಿಲಿಂದ ಓಡಿಹೋಗಿ ಒಬ್ಬ ಮುದುಕಿಯನ್ನು ತಡೆದಳು. ಮುದುಕಿಯ ಮನೆಗೇ ಹೋಗಿ, ಗಂಡನ ಕಸದ ಬುಟ್ಟಿಯಿಂದ ತಂದ ಚೂರನ್ನೇ ಬೆಣೆ ಮಾಡಿ ಹೊಡೆದು, ಮಣೆ ನಿಲ್ಲಿಸಿ ಬಂದಳು. ವಿಷಯ ತಿಳಿದ ಬಡಗಿ ಊಟಕ್ಕೆ ಕೂತಾಗ, "ಬನ್ನಿ ಬೆಣೆಯಕ್ಕಾ, ಬಡಿಸಿ" ಎಂದು ಹಂಗಿಸಿದ. ಹೆಸರು ಅಂಗಳ ದಾಟಿತು, ಬೀದಿ ದಾಟಿತು. ಈಗ ಅವನನ್ನು ಹುಡುಕಿಕೊಂಡು ಬರುವವರು ಬೆಣೆಯಕ್ಕನ ಗಂಡನ ಮನೆ ಎಲ್ಲಿ ಎಂದು ಕೇಳುತ್ತಾರೆ. ಅವನಿಗೆ ಅದು ಇನ್ನೂ ಗಂಟಲಲ್ಲಿ ಇಳಿದಿಲ್ಲ.

ಅಂದಿನಿಂದ ಇಂದಿನವರೆಗೆ ಅವಳದು ಒಂದೇ ಕಟ್ಟುಪಾಡು. ಸಾಮಾನನ್ನು ಮನೆಯಿಂದ ಆಚೆ ಒಯ್ಯುವುದಿಲ್ಲ. ಅದು ನಿಂತ ನೆಲದ ಮೇಲೆ, ಅದನ್ನು ಬಳಸುವವರ ಕಣ್ಣೆದುರಿಗೇ ಕೆಲಸ. "ಕುರ್ಚಿ ನೋಡೋಕೆ ಮುಂಚೆ ಕೂರೋರನ್ನ ನೋಡ್ಬೇಕು" ಅನ್ನುತ್ತಾಳೆ. "ಕೆಲವರು ಎಡಗಡೆ ವಾಲ್ತಾರೆ. ಕೆಲವರು ಕೂರಲ್ಲ, ಬೀಳ್ತಾರೆ. ಒಬ್ಬ ಮೇಷ್ಟ್ರು ಮನೇಲಿ ಮುಂಗಾಲು ಎರಡೂ ಗಟ್ಟಿ, ಹಿಂಗಾಲು ಮಾತ್ರ ವರ್ಷಕ್ಕೊಂದ್ಸಲ ಮುರೀತಿತ್ತು. ನೋಡಿದ್ರೆ ಮನುಷ್ಯ ಊಟ ಆದ್ಮೇಲೆ ಎರಡೇ ಕಾಲಿನ ಮೇಲೆ ತೂಗಾಡ್ತಾನೆ. ಹೆಂಡ್ತಿಗೇ ಗೊತ್ತಿರ್ಲಿಲ್ಲ."

ದಿನಕ್ಕೆ ಎರಡು ಮನೆ, ಕೈ ಕೂಡಿಬಂದರೆ ಮೂರು. ಚಳಿ ಮುಗಿದು ಬಿಸಿಲು ಏರುವ ಈ ತಿಂಗಳುಗಳಲ್ಲಿ ಮರ ಒಣಗಿ ಕುಗ್ಗುತ್ತದೆ, ಕೀಲು ಬಿಡುತ್ತದೆ. ಆಗ ಉಸಿರಾಡಲು ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಹಾಕಿಕೊಂಡ ಮೇಜಿನ ಖಾನೆಗಳು, ಮುಚ್ಚಲಾಗದ ಕಪಾಟುಗಳು. ಮಂಚದ ಕಾಲು ಮುರಿಯುವುದಕ್ಕೆ ಮಾತ್ರ ಕಾಲವಿಲ್ಲ. ಅದರ ಕಾರಣ ಅವಳು ಯಾರನ್ನೂ ಕೇಳುವುದಿಲ್ಲ. ನೆಲದಲ್ಲಿ ಕೂತು ಕೂತು ಮಂಡಿ ಸವೆದಿದೆ. ಎದ್ದೇಳುವಾಗ ಗೋಡೆಗೆ ಕೈಕೊಟ್ಟು, "ನನ್ನ ಕೀಲಿಗೆ ಬೆಣೆ ಹೊಡೆಯೋರು ಯಾರೂ ಇಲ್ಲ" ಎಂದು ನಗುತ್ತಾಳೆ. ಈಗಿನ ಮನೆಗಳಲ್ಲಿ ಮರದ ಪುಡಿಯನ್ನು ಅದುಮಿ ಮಾಡಿದ ಹಲಗೆಯ ಸಾಮಾನೇ ಹೆಚ್ಚು. ಅದಕ್ಕೆ ಬೆಣೆ ಹಿಡಿಯುವುದಿಲ್ಲ, ಹೊಡೆದ ಕಡೆ ಉದುರುತ್ತದೆ. ಅಂಥ ಮನೆಯಲ್ಲಿ ಕೈ ಮುಗಿದು ಹೊರಡುತ್ತಾಳೆ. "ಎಸೆದು ಹೊಸದು ತಗೊಳ್ಳಿ ಅಂತ ಹೇಳೋದು ನನ್ನ ಬಾಯಿಗೆ ಬರಲ್ಲ. ಅವರೇ ಹೇಳ್ಕೊಳ್ಳಲಿ."

ಗೇಟಜ್ಜನ ಕುರ್ಚಿ ಸರಿಮಾಡಿ ವಾರ ಕಳೆದಿರಬೇಕು. ಬೆಣೆಯಕ್ಕ ಅಂಗಳದಲ್ಲಿ ಉಳಿ ಮಸೆಯುತ್ತಿದ್ದಾಗ ಹೊಲಿಗೆಯವಳು ಬಂದು ನಿಂತಳು. ತಲೆ ಬಾಚಿಲ್ಲ, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿದೆ.

"ಅಕ್ಕಾ, ನೀವು ಕುರ್ಚಿ ತುಂಬ ಚೆನ್ನಾಗಿ ಮಾಡಿಬಿಟ್ರಿ" ಎಂದವಳೇ ಅತ್ತುಬಿಟ್ಟಳು.

ನಡೆದದ್ದು ಇಷ್ಟು. ಅಜ್ಜನಿಗೆ ದಿನಕ್ಕೆ ಹಲವು ಸಲ ಡ್ಯೂಟಿ ನೆನಪಾಗುತ್ತದೆ. ಗೇಟು ತೆಗೆಯಬೇಕು, ಪಾಳಿಯ ಜನ ಹೊರಗೆ ನಿಂತಿದ್ದಾರೆ ಎಂದು ಎದ್ದು ಹೊರಡುತ್ತಾನೆ. ಏಳುವಾಗ ಕುರ್ಚಿ ಕಿರ್ರೆನ್ನುತ್ತಿತ್ತು. ಯಂತ್ರದ ಗಡಗಡದ ನಡುವೆಯೂ ಆ ಸದ್ದಿಗೆ ಮಗಳ ಕಾಲು ತಾನಾಗಿ ನಿಲ್ಲುತ್ತಿತ್ತು. ಎದ್ದು ಬಂದು ತೋಳು ಹಿಡಿದು, ಮನೆಯ ಮುಂದಿನ ಪುಟ್ಟ ಕಬ್ಬಿಣದ ಗೇಟಿನ ತನಕ ಕರೆದೊಯ್ಯುತ್ತಿದ್ದಳು. ಅಜ್ಜ ಚಿಲಕ ತೆಗೆದು, ಆಚೆ ಈಚೆ ನೋಡಿ, ಮತ್ತೆ ಹಾಕಿ, ತೃಪ್ತಿಯಿಂದ ಬಂದು ಕೂರುತ್ತಿದ್ದ. ಕುರ್ಚಿ ಬಾಯಿ ಮುಚ್ಚಿದ ಮೇಲೆ ಒಂದು ಬೆಳಗ್ಗೆ ಅಜ್ಜ ಎದ್ದದ್ದು ಯಾರಿಗೂ ಕೇಳಲಿಲ್ಲ. ಲಾರಿ ಓಡಾಡುವ ದೊಡ್ಡ ರಸ್ತೆ ದಾಟಿ, ಚಪ್ಪಲಿಯಿಲ್ಲದೆ, ಪಾಳುಬಿದ್ದ ಮಿಲ್ಲಿನ ತನಕ ನಡೆದುಹೋಗಿದ್ದ. ತುಕ್ಕುಹಿಡಿದ ಗೇಟಿನ ಸರಳು ಹಿಡಿದು ಅಲುಗಿಸುತ್ತಾ ನಿಂತಿದ್ದವನನ್ನು ಹಾಲಿನವನು ಗುರುತು ಹಿಡಿದು ಕರೆತಂದ. ಪಾದವೆಲ್ಲ ರಕ್ತ.

"ನಂಗೂ ಗೊತ್ತಿರ್ಲಿಲ್ಲ ಅಕ್ಕಾ" ಎಂದಳು ಮಗಳು. "ಆ ಸದ್ದು ನಿಂತ ಮೇಲೇ ಗೊತ್ತಾಗಿದ್ದು, ನಾನು ಅದನ್ನ ಕೇಳ್ತಾನೇ ಬದುಕ್ತಿದ್ದೆ ಅಂತ."

"ಬಾಗಿಲಿಗೆ ಬೀಗ ಹಾಕ್ಬಾರ್ದೇನಮ್ಮ?"

"ಹಾಕಿ ನೋಡ್ದೆ. ಮುಚ್ಚಿದ ಬಾಗಿಲು ಕಂಡ್ರೆ ಗುದ್ದಿ ಗುದ್ದಿ ಕೈ ಊದಿಸ್ಕೋತಾರೆ. ಕುರ್ಚಿಗೆ ಗೆಜ್ಜೆ ಕಟ್ಟಿದ್ರೆ ಕಿತ್ತು ನನ್ನ ಮುಖಕ್ಕೇ ಎಸೆದ್ರು. ನಾನೇನು ದನಾನಾ ಅಂದ್ರು."

ಅದಕ್ಕಿಂತ ದೊಡ್ಡ ಮಾತು ಆಮೇಲೆ ಬಂತು. ಬೇರೆ ಊರಿನಲ್ಲಿರುವ ಅವಳ ಅಣ್ಣ ಫೋನಿನಲ್ಲಿ ಸಿಟ್ಟಾಗಿದ್ದಾನೆ. ನಿನ್ನಿಂದ ಆಗುವುದಿಲ್ಲ, ಮುಂದಿನ ತಿಂಗಳು ಬರುತ್ತೇನೆ, ಅಪ್ಪನನ್ನು ನೋಡಿಕೊಳ್ಳುವವರಿರುವ ಒಂದು ಜಾಗಕ್ಕೆ ಸೇರಿಸುತ್ತೇನೆ ಎಂದಿದ್ದಾನೆ. ಅಲ್ಲಿ ಸಾಲಾಗಿ ಹಾಸಿಗೆ, ಎಲ್ಲರಿಗೂ ಒಂದೇ ಬಗೆಯ ಪ್ಲಾಸ್ಟಿಕ್ ಕುರ್ಚಿ. "ಕೆಟ್ಟೋನಲ್ಲ ಅಕ್ಕಾ ನಮ್ಮಣ್ಣ. ಹೆದರಿದ್ದಾನೆ. ನಂಗೂ ಭಯಾನೇ. ಆದ್ರೆ ಅಲ್ಲಿಗೆ ಹೋದ್ರೆ ಅಪ್ಪ ಯಾವ ಗೇಟು ತೆಗೀತಾರೆ?"

ಬೆಣೆಯಕ್ಕ ಉಳಿಯನ್ನು ಕೆಳಗಿಟ್ಟಳು. ಅಷ್ಟು ವರ್ಷದಿಂದ ಜನ ಅವಳನ್ನು ಕರೆದದ್ದೆಲ್ಲ ಸದ್ದು ಅಡಗಿಸುವುದಕ್ಕೆ. ಹೆಮ್ಮೆ ಅನ್ನುವುದೇನಾದರೂ ಇದ್ದರೆ ಅದರಲ್ಲೇ ಇತ್ತು. ಕೂರುವವರನ್ನು ನೋಡಬೇಕು ಅನ್ನುವವಳು ಕೂರುವವನನ್ನು ನೋಡಿದ್ದಳು. ಗೋಡೆಯಾಚೆ ಕೇಳಿಸಿಕೊಳ್ಳುವವಳನ್ನು ನೋಡಿರಲಿಲ್ಲ.

"ಹೋಗಮ್ಮ, ಬರ್ತೀನಿ. ಅಡಗಿಸಿದೋಳು ನಾನು, ಎಬ್ಬಿಸೋದೂ ನನ್ನ ಪಾಡು."

ಹೇಳಿದಷ್ಟು ಸುಲಭವಾಗಿರಲಿಲ್ಲ. ಕೀಲನ್ನು ಮತ್ತೆ ಸಡಿಲ ಮಾಡಿದರೆ ಸದ್ದೇನೋ ಬರುತ್ತದೆ, ಅಜ್ಜ ಮಗುಚಿ ಬೀಳುತ್ತಾನೆ. ಕಾಲು ಗಟ್ಟಿಯಿರಬೇಕು, ಕುರ್ಚಿ ಕೂಗಬೇಕು. ಮೊದಲು ಕೂರುವ ಹಲಗೆಯ ಅಡಿಗೆ ಒಂದು ಮೊಳೆಯನ್ನು ತೂತಿನಲ್ಲಿ ಸಡಿಲವಾಗಿ ಬಿಟ್ಟು ನೋಡಿದಳು. ಅಜ್ಜ ಕೆಮ್ಮಿದರೂ ಕಿರ್, ತಲೆ ಕೆರೆದುಕೊಂಡರೂ ಕಿರ್. ಮಗಳು ಹತ್ತು ಸಲ ಎದ್ದು ಬಂದು, "ಅಕ್ಕಾ, ಹೀಗಾದ್ರೆ ಈ ಒಂದು ಅಂಗಿ ಹೊಲಿಯೋಷ್ಟರಲ್ಲಿ ತೊಟ್ಕೊಳ್ಳೋನೇ ಮುದುಕ ಆಗ್ತಾನೆ" ಎಂದಳು. ಮೊಳೆ ತೆಗೆದು ಎರಡು ಚೂರು ಹಲಗೆ ಉಜ್ಜುವ ಹಾಗೆ ಕೂರಿಸಿದರೆ, ಕೂತಾಗ ಸದ್ದು, ಏಳುವಾಗ ಮೌನ. "ಬರೋರನ್ನ ಕಂಡು ಬೊಗಳೋ ನಾಯಿ ಇದು" ಎಂದು ತಲೆ ಚಚ್ಚಿಕೊಂಡಳು ಬೆಣೆಯಕ್ಕ. "ಹೋಗೋರನ್ನ ಕಂಡು ಬೊಗಳೋದು ಬೇಕು ನಮಗೆ." ಈ ತಾಪತ್ರಯವನ್ನೆಲ್ಲ ನೋಡುತ್ತಾ ನಿಂತಿದ್ದ ಅಜ್ಜ, "ಪಾಸ್ ಇಲ್ದೆ ಒಳಗೆ ಯಾರಮ್ಮ ಬಿಟ್ಟಿದ್ದು ನಿನ್ನ?" ಎಂದು ಒಂದೆರಡು ಸಲ ವಿಚಾರಿಸಿದ.

ಮನೆಯಲ್ಲಿ ಬಡಗಿಗೆ ಹಬ್ಬ. "ಕಿರುಗುಟ್ಟೋ ಕುರ್ಚಿ ಮಾಡೋಕೆ ಇಷ್ಟೊಂದು ಒದ್ದಾಟವಾ? ನಾನು ಇಷ್ಟು ವರ್ಷ ಪುಕ್ಕಟೆ ಮಾಡ್ತಾ ಬಂದಿದ್ದೀನಲ್ಲೇ."

"ನೀವು ಮಾಡಿದ್ದಕ್ಕೆಲ್ಲ ಬೆಣೆ ಹೊಡ್ಕೊಂಡು ಬಂದೋಳು ನಾನೇ ಅಲ್ವಾ? ಗೊತ್ತಿದೆ ಸುಮ್ನಿರಿ."

ಉತ್ತರ ಸಿಕ್ಕಿದ್ದು ಅವಳ ಮನೆಯೊಳಗೇ. ಒಂದು ಬೆಳಗಿನ ಜಾವ ಮಂಪರಿನಲ್ಲಿದ್ದವಳಿಗೆ ಕಿರ್ರೆಂದು ಎಚ್ಚರವಾಯಿತು. ಗಂಡ ಎದ್ದಿದ್ದ. ಅವರ ಮಂಚದಲ್ಲಿ ಅವನು ಮಲಗುವ ಕಡೆಯ ಒಂದು ಅಡ್ಡಪಟ್ಟಿ ಹಾಗೆಯೇ. ಮಲಗುವಾಗ ಸುಮ್ಮನೆ ಬಾಗುತ್ತದೆ, ಭಾರ ಇಳಿದು ಮೇಲಕ್ಕೆ ಚಿಮ್ಮುವಾಗ ತುದಿ ಉಜ್ಜಿ ಕೂಗುತ್ತದೆ. ಊರಿನ ಸಾಮಾನಿಗೆಲ್ಲ ಬೆಣೆ ಹೊಡೆಯುವವಳು ಸ್ವಂತ ಮಂಚವನ್ನು ಮಾತ್ರ ಮುಟ್ಟಿರಲಿಲ್ಲ. ಪುರುಸೊತ್ತಿಲ್ಲ ಅಂದುಕೊಂಡಿದ್ದಳು. ಗಂಡ ಎದ್ದ, ಮುಖ ತೊಳೆಯಲು ಹೋದ, ಬಂದ ಎಂಬುದೆಲ್ಲ ಇಷ್ಟು ಕಾಲ ತನಗೆ ಹೇಗೆ ತಿಳಿಯುತ್ತಿತ್ತು ಎಂದು ಆ ಬೆಳಗ್ಗೆ ಹೊಳೆಯಿತು. ಆಮೇಲೆ ಎದ್ದು ಹಾಸಿಗೆ ಸುತ್ತಿ, ಆ ಪಟ್ಟಿಯನ್ನೇ ಕಿತ್ತಳು.

ಬಡಗಿ ಹಲ್ಲುಜ್ಜುತ್ತಾ ಬಂದವನು ಕಣ್ಣರಳಿಸಿದ. "ಏಯ್, ನಾನು ಎದ್ದು ಹೋದ್ರೆ ನಿಂಗೆ ಹೆಂಗೇ ಗೊತ್ತಾಗೋದು ಇನ್ಮೇಲೆ?"

"ನೀವೆಲ್ಲಿಗೆ ಹೋಗ್ತೀರಿ? ಚಹಾ ಕೇಳೋಕೆ ಒಲೆ ತನಕ ತಾನೆ."

ಅವನು ಬಾಯಿ ಮುಕ್ಕಳಿಸಿ ಬಂದು ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಉದ್ದ ಕತ್ತರಿಸುವಾಗ ಕೂಗುವ ತುದಿಯನ್ನು ಉಳಿಸಿಕೋ, ಎಣ್ಣೆಗೈಯಲ್ಲಿ ಮುಟ್ಟಬೇಡ ಎಂದಷ್ಟೇ ಹೇಳಿದ. ಗರಗಸದ ಇನ್ನೊಂದು ತುದಿಯನ್ನು ಆ ದಿನ ಅವನು ಹಿಡಿದ.

ಈಗ ಆ ಪಟ್ಟಿ ಗೇಟಜ್ಜನ ಕುರ್ಚಿಯ ಹಲಗೆಯ ಅಡಿಯಲ್ಲಿದೆ. ಅಜ್ಜ ಕೂತರೆ ಬಾಗಿ ಸುಮ್ಮನಿರುತ್ತದೆ. ಕೆಮ್ಮಲಿ, ಮಗ್ಗುಲು ಬದಲಿಸಲಿ, ಸೊಲ್ಲಿಲ್ಲ. ಎದ್ದನೋ, ಕಿರ್ರೆಂದು ಎಳೆದು ಕೂಗುತ್ತದೆ, ಹಳೆಯ ಗೇಟು ತೆರೆದ ಹಾಗೆ. ಮೊದಲ ಸಲ ಆ ಸದ್ದು ಕೇಳಿದಾಗ ಅಜ್ಜನೇ ತಿರುಗಿ ಕುರ್ಚಿಯನ್ನು ನೋಡಿ, "ಹಾಂ, ಈಗ ಬಂದ ನೋಡು ನಮ್ಮೋನು" ಎಂದು ತೋಳಿನ ಮೇಲೆ ತಟ್ಟಿದ. ಕಾಲನ್ನು ಹಿಡಿದು ಅಲುಗಿಸಿದರೆ ಬಂಡೆ.

"ಜನ ಕೇಳ್ತಾರೆ, ಇಷ್ಟು ವರ್ಷದಲ್ಲಿ ನೀನು ಮಾಡಿದ ಒಳ್ಳೆ ಕೆಲಸ ಯಾವುದು ಅಂತ" ಅನ್ನುತ್ತಾಳೆ ಬೆಣೆಯಕ್ಕ, ಬಿಸ್ಕತ್ತಿನ ಡಬ್ಬದಲ್ಲಿ ತೆಳುವಾದ ಬೆಣೆಯೊಂದನ್ನು ಹುಡುಕುತ್ತಾ. "ಮೂಲೆಮನೆ ಕಪಾಟು ಇದೆ, ಮೇಷ್ಟ್ರ ಕುರ್ಚಿ ಇದೆ. ಆದ್ರೆ ನಾನು ಬೇಕೂಂತ ಕೆಡಿಸಿದ್ದು ಒಂದೇ. ಅದು ಕೆಟ್ಟೇ ಇರಲಿ ಅಂತ ಆಸೆ." ತನ್ನ ಮಂಚಕ್ಕೆ ಹೊಸ ಪಟ್ಟಿ ಹಾಕಿದ್ದಾಳೆ. ಅದು ಒಂದು ಉಸಿರು ಬಿಡುವುದಿಲ್ಲ. ಬೆಳಗಿನ ಜಾವ ಎಚ್ಚರವಾದರೆ ಪಕ್ಕಕ್ಕೆ ಕೈ ಚಾಚಿ ನೋಡುತ್ತಾಳಂತೆ, ಇದ್ದಾನೋ ಇಲ್ಲವೋ ಎಂದು. "ಹಾಗೆ ಕೂಗೋ ಪಟ್ಟಿ ಇನ್ನೊಂದು ಸಿಕ್ಕಿದ್ರೆ ಸಾಕು ನಂಗೆ. ಹುಡುಕ್ತಾನೇ ಇದೀನಿ. ಇವ್ರಿಗೆ ಹೇಳ್ಬೇಡಿ."

ಅಣ್ಣ ಹೇಳಿದಂತೆ ಬಂದ. ಶನಿವಾರ ಸಂಜೆ, ಅಪ್ಪನ ಬಟ್ಟೆಗೆಂದು ಖಾಲಿ ಚೀಲವನ್ನೂ ಹಿಡಿದೇ ಬಂದ. ಭಾನುವಾರ ಬೆಳಗ್ಗೆ ಬೆಣೆಯಕ್ಕ ಪಟ್ಟಿಯ ತುದಿ ಸವೆದಿದೆಯೇ ನೋಡೋಣವೆಂದು ಹೋದಾಗ, ಅಜ್ಜ ಇನ್ನೂ ಮಲಗಿದ್ದ. ಅಣ್ಣ ಅಪ್ಪನ ಕುರ್ಚಿಯಲ್ಲಿ ಕೂತು ಬೂಟಿನ ಲಾಡಿ ಕಟ್ಟುತ್ತಿದ್ದ. ಕಟ್ಟಿ ಎದ್ದ. ಕುರ್ಚಿ ಕೂಗಿತು. ಒಳಕೋಣೆಯ ಯಂತ್ರ ಗಕ್ಕನೆ ನಿಂತಿತು.

"ಅಪ್ಪಾ, ಗೇಟಿಗಾ? ತಾಳಿ, ಬಂದೆ."

ಅವನು ಗಾಬರಿಯಾಗಿ ಕೂತುಬಿಟ್ಟ. ಮುಂದೆ ಹೆಜ್ಜೆಯ ಸದ್ದು ಕೇಳದೆ ಒಳಗೆ ಯಂತ್ರ ಮತ್ತೆ ಶುರುವಾಯಿತು. ಬೆಣೆಯಕ್ಕ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಅವನು ಮೆಲ್ಲಗೆ, ಕಳ್ಳನ ಹಾಗೆ, ಇನ್ನೊಮ್ಮೆ ಎದ್ದ. ಕುರ್ಚಿ ಬಿಡಲಿಲ್ಲ. ಈ ಸಲ ತಂಗಿ ಹೊರಗೇ ಬಂದಳು, ಬಾಯಲ್ಲಿ ದಾರ, ಬೆರಳಲ್ಲಿ ಸೂಜಿ. ಅಪ್ಪನ ಜಾಗದಲ್ಲಿ ಅಣ್ಣನನ್ನು ಕಂಡು ನಕ್ಕಳು.

"ನೀನಾ? ನಾನು ಅಪ್ಪ ಅಂದ್ಕೊಂಡೆ."

"ಪ್ರತಿ ಸಲಾನೂ ಹೀಗೇ ಎದ್ದು ಬರ್ತೀಯಾ?"

"ಮತ್ತೆ?"

ಅವನು ಆ ಇಡೀ ದಿನ ಮುಂಗೋಣೆ ಬಿಟ್ಟು ಕದಲಲಿಲ್ಲ. ಅಪ್ಪ ಏಳುವುದನ್ನು, ತಂಗಿ ಬರುವುದನ್ನು, ಇಬ್ಬರೂ ಗೇಟಿನ ತನಕ ಹೋಗಿ ಬರುವುದನ್ನು ಗೋಡೆಗೊರಗಿ ನೋಡಿದ. ಸಂಜೆಯ ಹೊತ್ತಿಗೆ ಕುರ್ಚಿ ಕೂಗಿದಾಗ ತಂಗಿಗಿಂತ ಮೊದಲು ಅವನೇ ಎದ್ದಿದ್ದ.

ಸೋಮವಾರ ಬೆಳಗ್ಗೆ ಅಣ್ಣ ಹೊರಟ. ಒಬ್ಬನೇ ಹೊರಟ. ತಂದಿದ್ದ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಅಜ್ಜ ಕುರ್ಚಿಯಿಂದ ಎದ್ದು ಬಂದು, ಪುಟ್ಟ ಗೇಟಿನ ಚಿಲಕ ತೆಗೆದು, ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಸಂಜೆ ಪಾಳಿಗೆ ತಡ ಮಾಡ್ಬೇಡ" ಎಂದ. "ಗೇಟು ನಾನೇ ತೆಗೀತೀನಿ."